ಕಾಫಿ ಕೊಡದೆ ಹಿಡ್ಕೊಂಡು ಕೂರೋದು ಆಸೆನಾ, ಭಯಾನಾ?

ಸುಂಟಿಕೊಪ್ಪ ತೋಟ: ನಮ್ಮ ಗೋಡೌನಲ್ಲಿ ಹೋದ ವರ್ಷದ ರೋಬಸ್ಟಾ ಕಾಫಿ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 60 ಚೀಲ ಹಾಗೇ ಬಿದ್ದಿದೆ. ರೇಟು ಮೇಲಿದ್ದಾಗ ಅಪ್ಪ ಕೊಡ್ಲಿಲ್ಲ, ಇಳಿದ ಮೇಲೆ "ಆ ರೇಟು ವಾಪಸ್ ಬರ್ಲಿ" ಅಂತ ಕೂತಿದಾರೆ. ದಿನಾ ಬೆಳಿಗ್ಗೆ ಮೊಬೈಲಲ್ಲಿ ರೇಟು ನೋಡೋದು, ಒಂದು ಹಿಡಿ ಚೆರಿ ತೆಗೆದು ಕಿವಿ ಹತ್ರ ಅಲ್ಲಾಡಿಸೋದು, ಮತ್ತೆ ಚೀಲದ ಬಾಯಿ ಕಟ್ಟೋದು. ಕಾನಮನ್, ಟ್ವರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನ ಬರೆದಿದಾರೆ, ತಲೇಲಿ ಕೂತ ರೇಟಿಗಿಂತ ಕಮ್ಮಿ ಬಂದ್ರೆ ಅದು ನಷ್ಟ, ನಷ್ಟದ ನೋವು ಅಷ್ಟೇ ಲಾಭದ ಖುಷಿಗಿಂತ ಜಾಸ್ತಿ. ಆಮೇಲೆ ಅಳೆದು ನೋಡಿದಾಗ ಸುಮಾರು ಎರಡು ಪಟ್ಟು ಅಂದ್ರು. ಅರ್ಥಶಾಸ್ತ್ರದ ಪುಸ್ತಕದಲ್ಲಿರೋ ಲೆಕ್ಕಾಚಾರದ ಮನುಷ್ಯ ಕೊಡಗಿನ ಯಾವ ತೋಟದಲ್ಲೂ ಇಲ್ಲ.

ಗೋಣಿಕೊಪ್ಪ 77: "ಲೆಕ್ಕಾಚಾರದ ಮನುಷ್ಯ ಇಲ್ಲ" ಅಂತೆ! ಲೆಕ್ಕ ಹಾಕದವನು ಮಾರ್ಕೆಟ್ಟಲ್ಲಿ ಉಳಿಯಲ್ಲ, ಅಷ್ಟೇ ವಿಷಯ. ಆಲ್ಕಿಯನ್ ಅನ್ನೋ ಅರ್ಥಶಾಸ್ತ್ರಜ್ಞ 1950ರಲ್ಲಿ ಹೇಳಿದ್ದೂ ಇದೇ, ಎಲ್ಲರೂ ಜಾಣರಾಗಿರ್ಬೇಕಿಲ್ಲ, ಲಾಭ ಮಾಡಿದ ಕಂಪನಿ ಉಳಿಯುತ್ತೆ, ಮಾಡದ್ದು ಬಾಗಿಲು ಹಾಕುತ್ತೆ. ಡಾರ್ವಿನ್ ಹೇಳಿದ ಬಲಿಷ್ಠರ ಉಳಿವು.

ಮಡಿಕೇರಿ ಮೇಷ್ಟ್ರು: "ಡಾರ್ವಿನ್ ಹೇಳಿದ" ಅನ್ನೋದೇ ತಪ್ಪು. ಡಾರ್ವಿನ್ ಪುಸ್ತಕ 1859ರದ್ದು, ಅದರಲ್ಲಿ ಆ ಮಾತೇ ಇರ್ಲಿಲ್ಲ. ಅದು ಹರ್ಬರ್ಟ್ ಸ್ಪೆನ್ಸರ್ ಅನ್ನೋ ತತ್ವಜ್ಞಾನಿ 1864ರಲ್ಲಿ ಹುಟ್ಟಿಸಿದ್ದು.

ಗೋಣಿಕೊಪ್ಪ 77: ಸರ್, 1869ರ ಐದನೇ ಆವೃತ್ತಿ ತೆಗೆದು ನೋಡಿ, ನಾಲ್ಕನೇ ಅಧ್ಯಾಯದ ತಲೆಬರಹದಲ್ಲೇ ಇದೆ. ತನ್ನ ಪುಸ್ತಕದಲ್ಲಿ ಹಾಕ್ಕೊಂಡ ಮೇಲೆ ಅವನ ಮಾತೇ ಆಯ್ತಲ್ಲ.

ಮಡಿಕೇರಿ ಮೇಷ್ಟ್ರು: "ಹಾಕ್ಕೊಂಡ" ಅಂತ ನೀವೇ ಬರೆದ್ರಿ, ಅಂದ್ರೆ ಬೇರೆಯವರದ್ದು ಅಂತ ಆಯ್ತು. ಅದೂ ಅಲ್ದೆ ಬಲಿಷ್ಠ ಅನ್ನೋ ಕನ್ನಡ ಪದಾನೇ ದಾರಿ ತಪ್ಪಿಸುತ್ತೆ, ಅಲ್ಲಿರೋದು ಪರಿಸರಕ್ಕೆ ಹೊಂದಿಕೊಂಡವರು ಅಂತ. ಕಾಂಡ ಕೊರೆಯೋ ಬೋರರ್ ಹುಳ ಬಂದ್ರೆ ಅರೇಬಿಕಾ ಕಾಫಿ ಗಿಡ ಹೋಗುತ್ತೆ, ಪಕ್ಕದ ರೋಬಸ್ಟಾ ನಿಲ್ಲುತ್ತೆ. ರೋಬಸ್ಟಾ ಏನು ಪೈಲ್ವಾನಾ?

ಸೋಮವಾರಪೇಟೆ ಅರೇಬಿಕಾ: ಮೇಷ್ಟ್ರೇ, "ಅರೇಬಿಕಾ ಹೋಗುತ್ತೆ" ಅಂತ ಸುಮ್ನೆ ಬರೀಬೇಡಿ. ನೆರಳು ಸರಿಯಾಗಿಟ್ಟವರ ತೋಟದಲ್ಲಿ ಬೋರರ್ ಕಮ್ಮಿ. ಮರ ಕಡಿದು ಬಿಸಿಲು ಬಿಟ್ಟು ಆಮೇಲೆ ಗಿಡದ ಮೇಲೆ ತಪ್ಪು ಹೊರಿಸೋದು ನ್ಯಾಯ ಅಲ್ಲ. ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್ ಹಿಡ್ಕೊಂಡು ಓಡೋರು ರೋಬಸ್ಟಾದವರೇ.

ಗೋಣಿಕೊಪ್ಪ 77: ಸ್ಪ್ರಿಂಕ್ಲರ್ ಇದ್ದವನು ಉಳಿದ, ಇಲ್ಲದವನು ಹೋದ, ನಾನು ಹೇಳ್ತಿರೋದೂ ಅದೇ.

ಮಡಿಕೇರಿ ಮೇಷ್ಟ್ರು: ಸ್ಪ್ರಿಂಕ್ಲರಿಗೆ ಸಾಲ ಯಾರಿಗೆ ಸಿಗುತ್ತೆ, ಕೆರೆ ಯಾರ ಜಾಗದಲ್ಲಿದೆ? ಸ್ಪೆನ್ಸರ್ ಕಡೆಯವರು ಮಾಡಿದ್ದೂ ಇಂಥದ್ದೇ, ಬಡವ ಸೋತ್ರೆ ಅದು ಪ್ರಕೃತಿ ನಿಯಮ ಅಂದ್ಬಿಟ್ರು. ಇದು ಕೇಳಿದ್ರೆ ನಂಗೆ ಮೈ ಉರಿಯುತ್ತೆ.

ಗೋಣಿಕೊಪ್ಪ 77: ಮೈ ಉರಿದ್ರೆ 1869 ಸುಳ್ಳಾಗಲ್ಲ.

ವಿರಾಜಪೇಟೆ ಮಳೆ: ಇಬ್ರೂ ಕಥೆನ ಉಲ್ಟಾ ಹಿಡಿದಿದೀರಿ. ಡಾರ್ವಿನ್ 1838ರಲ್ಲಿ ಮಾಲ್ತಸ್ ಓದಿದ್ಮೇಲೇ ಅವನಿಗೆ ದಾರಿ ಸಿಕ್ಕಿದ್ದು, ಮಾಲ್ತಸ್ ಅರ್ಥಶಾಸ್ತ್ರಜ್ಞ. ಅರ್ಥಶಾಸ್ತ್ರದಿಂದ ಹೋದದ್ದೇ ಅರ್ಥಶಾಸ್ತ್ರಕ್ಕೆ ವಾಪಸ್ ಬಂತು. ಇನ್ನು ಸುಂಟಿಕೊಪ್ಪದವರೇ, ಕಾಫಿ ಮಾರಾಟ ಹಂತಹಂತವಾಗಿ ಫ್ರೀ ಆಗಿ 1996ರಲ್ಲಿ ಪೂರ್ತಿ ಆಯ್ತು, ಅದಕ್ಕೆಲ್ಲ ಮೊದಲು ನಿಮ್ಮ ಅಜ್ಜ ಕಾಫಿನ ಕಾಫಿ ಬೋರ್ಡ್ ಪೂಲಿಗೆ, ಅಂದ್ರೆ ಎಲ್ಲರ ಕಾಫಿ ಒಟ್ಟು ಮಾಡಿ ಮಾರೋ ಸರ್ಕಾರಿ ವ್ಯವಸ್ಥೆಗೆ, ಹಾಕ್ಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು. ಆಗ ಹಿಡ್ಕೊಂಡು ಕೂರೋ ಮಾತೇ ಇಲ್ಲ. ಮನಸ್ಸು ಅದೇ, ನಿಯಮ ಬದಲಾಯ್ತು. ವೆಬ್ಲೆನ್ ಅನ್ನೋ ಅರ್ಥಶಾಸ್ತ್ರಜ್ಞ 1898ರಲ್ಲೇ ಕೇಳಿದ್ದ, ಅರ್ಥಶಾಸ್ತ್ರ ಯಾಕೆ ವಿಕಾಸದ ವಿಜ್ಞಾನ ಆಗಿಲ್ಲ ಅಂತ, ಜನರ ರೂಢಿ ಮತ್ತು ವ್ಯವಸ್ಥೆ ಹೇಗೆ ಬದಲಾಗುತ್ತೆ ನೋಡಿ ಅಂತ.

ಸುಂಟಿಕೊಪ್ಪ ತೋಟ: "ಮನಸ್ಸು ಅದೇ" ಅಂತ ನೀವೇ ಒಪ್ಕೊಂಡ್ರಲ್ಲ, ನಾನು ಹೇಳಿದ್ದೂ ಅದೇ.

ವಿರಾಜಪೇಟೆ ಮಳೆ: ನಾನೇನೂ ಒಪ್ಕೊಂಡಿಲ್ಲ, ಮುಂದಿನ ಪದ ಓದಿ.

ಸೋಮವಾರಪೇಟೆ ಅರೇಬಿಕಾ: ನೆರಳಿನ ವಿಷಯಕ್ಕೆ ಮೇಷ್ಟ್ರು ಇನ್ನೂ ಉತ್ತರ ಕೊಟ್ಟಿಲ್ಲ.

ಮಡಿಕೇರಿ ಮೇಷ್ಟ್ರು: ನೆರಳಿನ ಮಾತು ಸರಿ ಇರ್ಬಹುದು, ಆದ್ರೆ ಅದು ಉದಾಹರಣೆ. ಆ ಪದ ಸ್ಪೆನ್ಸರ್‌ದೇ.

ಸುಂಟಿಕೊಪ್ಪ ತೋಟ: ಇವತ್ತು ರೇಟು ಇನ್ನೂ ಇಳೀತು. ಅಪ್ಪ ಈಗಷ್ಟೇ ಗೋಡೌನ್ ಬೀಗ ಹಾಕಿ ಕೀಲಿ ಜೇಬಿಗೆ ಹಾಕ್ಕೊಂಡ್ರು. ಇದಕ್ಕೆ ಯಾರಾದ್ರೂ ಲಾಭದ ಲೆಕ್ಕದಲ್ಲಿ ಕಾರಣ ಕೊಡಿ ನೋಡೋಣ.

ಗೋಣಿಕೊಪ್ಪ 77: ಮೊದ್ಲು ಮೇಷ್ಟ್ರು ಐದನೇ ಆವೃತ್ತಿ ನೋಡ್ಲಿ.