ಒತ್ತಡದ ದಿನಗಳು: ಒಬ್ಬನೇ ಓಡ್ಲಾ, ಗುಂಪಿಗೆ ಸೇರ್ಲಾ? ಅನುಭವ ಇದ್ದೋರು ಹೇಳಿ

ನಿದ್ದೆಗೇಡಿ:
ಆಫೀಸಲ್ಲಿ ಜನರನ್ನ ತೆಗೀತಿದಾರೆ, ಮನೇಲಿ ಅಪ್ಪಂಗೆ ಹುಷಾರಿಲ್ಲ. ರಾತ್ರಿ ಎರಡಕ್ಕೆ ಎಚ್ಚರ ಆದ್ರೆ ಕಥೆ ಮುಗೀತು. ದಿನಕ್ಕೆ ಅರ್ಧ ಗಂಟೆ ಹೊಂಚಬಹುದು, ಅಷ್ಟೇ. ಮನಸ್ಸು ಹಗುರಾಗೋಕೆ ಒಬ್ಬನೇ ಓಡೋದಾ, ಯಾವುದಾದ್ರೂ ಗುಂಪಿಗೆ ಸೇರೋದಾ?

ಒಂಟಿ ಓಟ:
ಒಬ್ಬರೇ. ನನ್ನ ಡೈವೋರ್ಸ್ ಕೇಸ್ ನಡೀತಿದ್ದಾಗ 'ಜನರ ಜೊತೆ ಬೆರೀರಿ' ಅಂತ ಎಲ್ಲರೂ ತಲೆ ತಿಂದು ಜಿಮ್‌ಗೆ ಸೇರಿಸಿದ್ರು. ವರ್ಷದ ದುಡ್ಡು ಮುಂಗಡ. ಅಡ್ಮಿಷನ್ ಬೇರೆ, ಲಾಕರ್ ಡೆಪಾಸಿಟ್ ಬೇರೆ, ಟ್ರೈನರ್‌ಗೆ ಬೇರೆ. ಬೆನ್ನು ಹಿಡ್ಕೊಂಡು ಮಲಗಿದಾಗ ಮೆಂಬರ್‌ಶಿಪ್ ಫ್ರೀಜ್ ಮಾಡಿ ಅಂದೆ. ಡಾಕ್ಟರ್ ಚೀಟಿ ಬೇಕಂದ್ರು. ಚೀಟಿ ತಂದ್ರೆ, ಅರ್ಜಿ ಒಂದು ವಾರ ಮುಂಚೆ ಕೊಡಬೇಕಿತ್ತಂತೆ! ಬೆನ್ನು ಹಿಡಿಯೋದು ಒಂದು ವಾರ ಮುಂಚೆ ಯಾರಿಗ್ರೀ ಗೊತ್ತಾಗುತ್ತೆ? ಡೆಪಾಸಿಟ್ ಇವತ್ತಿಗೂ ಬಂದಿಲ್ಲ, ಲಾಕರ್ ಕೀ ನನ್ನ ಹತ್ರಾನೇ ಇದೆ. ಆಮೇಲೆ ರಸ್ತೆಗಿಳಿದೆ. ಓಡಿ ಬಂದ ದಿನ ವಕೀಲರ ಫೋನ್ ಬಂದ್ರೂ ಕೈ ನಡುಗ್ತಿರಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಬ್ಲೂಮೆಂಥಾಲ್ ತಂಡ 1999ರಲ್ಲೇ ತೋರಿಸಿದೆ. ಖಿನ್ನತೆ ಇದ್ದ 156 ಜನ, 16 ವಾರ. ವ್ಯಾಯಾಮ ಮಾಡಿದೋರು, ಸರ್ಟ್ರಾಲಿನ್ ಅನ್ನೋ ಖಿನ್ನತೆ ಮಾತ್ರೆ ತಗೊಂಡೋರು, ಕೊನೆಗೆ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದ್ರು.

ಮಂಡಿನೋವು ಮೇಡಂ:
ಅರ್ಧ ಹೇಳಿ ಅರ್ಧ ನುಂಗಿದ್ರಲ್ಲ ಸಾರ್. ಆ ಪ್ರಯೋಗದಲ್ಲಿ ವ್ಯಾಯಾಮ ಮಾಡಿಸಿದ್ದೇ ಗುಂಪಲ್ಲಿ. ಬೆವರಿದ್ದಕ್ಕೆ ಸರಿಹೋದ್ರೋ, ನಾಲ್ಕು ಜನರ ಮುಖ ನೋಡಿದ್ದಕ್ಕೋ?

ಒಬ್ಬಳೇ ಓಡಿ ಮಂಡಿ ಕಳ್ಕೊಂಡವಳು ನಾನು. ಮೊದಲು ಮೆಟ್ಟಿಲು ಇಳಿಯುವಾಗ ಮಾತ್ರ ನೋವು, ಆಮೇಲೆ ಕೂತು ಏಳುವಾಗ, ಕೊನೆಗೆ ರಾತ್ರಿ ಮಗ್ಗುಲು ಬದಲಾಯಿಸುವಾಗ್ಲೂ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಎಂಆರ್‌ಐಯಲ್ಲೂ ಏನೂ ಇಲ್ಲ, ಬಿಲ್‌ನಲ್ಲಿ ಮಾತ್ರ ಎಲ್ಲಾ ಇತ್ತು. ಮಂಡಿಗೆ ಹಾಕೋ ಬ್ರೇಸ್ ಸೈಜ್ ದೊಡ್ಡದಾಯ್ತು, ಪ್ಯಾಕೆಟ್ ಬಿಚ್ಚಿದೀರಿ ಅಂತ ವಾಪಸ್ ತಗೊಳ್ಲಿಲ್ಲ. ತೊಡೆಯ ಸ್ನಾಯುಗೆ ಬಲ ಇಲ್ಲ ಅಂತ ಕಂಡುಹಿಡಿದಿದ್ದು ಕೊನೆಗೆ ಫಿಸಿಯೋ.

ಅಮ್ಮ ಹೋದ ಮೇಲೆ ವಾಕಿಂಗ್ ಗುಂಪಿಗೆ ಸೇರಿದೆ. ಅಲ್ಲಿ ಯಾರೂ ಸಮಾಧಾನ ಹೇಳಲಿಲ್ಲ, ಅದೇ ಒಳ್ಳೇದಾಯ್ತು. ಒಬ್ಬರು 'ಲೇಸ್ ಬಿಚ್ಚಿದೆ ನೋಡಿ' ಅಂದ್ರು, ಇನ್ನೊಬ್ಬರು 'ನಿನ್ನೆ ಯಾಕ್ರೀ ಬರಲಿಲ್ಲ' ಅಂದ್ರು. ಬರದಿದ್ರೆ ಕೇಳೋರಿದಾರೆ ಅನ್ನೋದಕ್ಕೇ ಹಾಸಿಗೆ ಬಿಟ್ಟು ಏಳ್ತಿದ್ದೆ.

ಒಂಟಿ ಓಟ:
ಅದೇ ತಂಡದ 2007ರದ್ದೂ ಓದಿ ಮೇಡಂ. 202 ಜನ. ಖಿನ್ನತೆಯಿಂದ ಹೊರಬಂದೋರು ಗುಂಪು ವ್ಯಾಯಾಮದಲ್ಲಿ ಶೇ. 45, ಮನೇಲೇ ಮಾಡಿದವರಲ್ಲಿ ಶೇ. 40, ಮಾತ್ರೆಯಲ್ಲಿ ಶೇ. 47, ಔಷಧಿಯಿಲ್ಲದ ಹುಸಿಮಾತ್ರೆಯಲ್ಲಿ ಶೇ. 31. ಆ ಐದಕ್ಕೋಸ್ಕರ ನಾನು ಬೆಳಬೆಳಿಗ್ಗೆ ಇನ್ನೊಬ್ಬರ ಸೊಸೆ ಪುರಾಣ ಕೇಳಬೇಕಾ?

ಮಂಡಿನೋವು ಮೇಡಂ:
ನಿಮ್ಮ ಲಾಕರ್ ಪುರಾಣ ನಾವು ಕೇಳಲಿಲ್ವಾ? ಕೀ ಇಟ್ಕೊಂಡು ಡೆಪಾಸಿಟ್ ಬರಲಿಲ್ಲ ಅಂದ್ರೆ ಹೇಗೆ ಸ್ವಾಮಿ?

ಹಳೇ ಶಟಲ್:
ಗುಂಪು ಅಂದ್ರೆ ಸ್ವರ್ಗ ಅನ್ಕೋಬೇಡಿ. ನಮ್ಮ ಬ್ಯಾಡ್ಮಿಂಟನ್ ಡಬಲ್ಸ್ ಗ್ಯಾಂಗ್ ಒಡೆದಿದ್ದು ಶಟಲ್ ಲೆಕ್ಕಕ್ಕೆ. ಗರಿ ಶಟಲ್ ಬೇಕು ಅಂತ ಇಬ್ಬರು, ನೈಲಾನ್ ಸಾಕು ಅಂತ ಇಬ್ಬರು. ಅರ್ಧಕ್ಕೆ ಬಂದೋರು ಪೂರ್ತಿ ಪಾಲು ಕೊಡಬೇಕಾ ಅಂತ ಜಗಳ, ಕೋರ್ಟ್ ಬುಕಿಂಗ್ ನನ್ನ ಹೆಸರಲ್ಲಿ, ಆ ತಿಂಗಳ ಬಾಕಿ ಪೂರಾ ನನ್ನ ತಲೆಗೆ. ಆದ್ರೂ ಹೇಳ್ತೀನಿ, ಕೆಲಸ ಹೋದ ಆ ಕಾಲದಲ್ಲಿ ನಗು ಅಂತ ಬಂದಿದ್ದು ಕೋರ್ಟಲ್ಲೇ. ಎಂಡಾರ್ಫಿನ್ ಸ್ವಾಮಿ, ಮೈಯಲ್ಲೇ ಹುಟ್ಟೋ ಖುಷಿ ರಾಸಾಯನಿಕ!

ಒಂಟಿ ಓಟ:
ರಕ್ತದಲ್ಲಿರೋ ಎಂಡಾರ್ಫಿನ್ ಮಿದುಳಿನೊಳಗೆ ಅಷ್ಟು ಸುಲಭವಾಗಿ ನುಗ್ಗಲ್ಲ ಸಾರ್. ಓಟದ ಖುಷಿಗೆ ಎಂಡೋಕ್ಯಾನಬಿನಾಯ್ಡ್ ಅಂತ ಮೈಯೇ ತಯಾರಿಸೋ ಬೇರೆ ರಾಸಾಯನಿಕಗಳು ಕಾರಣ ಅಂತ ಈಗ ಹೇಳ್ತಾರೆ.

ಹಳೇ ಶಟಲ್:
ಯಾವುದೋ ಒಂದು. ನಗು ಬಂತಲ್ಲ?

ಮನೆಯಲ್ಲೇ ಇರೋಳು:
ನೀವೆಲ್ಲ ಪುರುಸೊತ್ತಿರೋರು. ಮನೇಲಿ ಕಾಯಿಲೆಯೋರಿದ್ರೆ ಯಾವ ಕೋರ್ಟು, ಯಾವ ಗುಂಪು? ಅತ್ತೆ ಹಾಸಿಗೆ ಹಿಡಿದಾಗಿಂದ ನನ್ನ ಓಡಾಟ ಟೆರೇಸ್ ಮೇಲೆ, ತಮ್ಮನಿಗೆ ಫೋನ್ ಹಚ್ಚಿಕೊಂಡು. ಅತ್ತೆ ಕರೆದ್ರೆ ಐದೇ ನಿಮಿಷಕ್ಕೆ ಇಳೀತೀನಿ, ಮತ್ತೆ ಹತ್ತುತೀನಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತಲ್ಲ, ಒಂದೊಂದು ಸಲಕ್ಕೆ ಹತ್ತು ನಿಮಿಷವಾದ್ರೂ ಆಗಬೇಕು ಅನ್ನೋ ಷರತ್ತನ್ನ 2020ರಲ್ಲಿ ಅವರೇ ಬಿಟ್ಟಿದಾರೆ. ತುಣುಕು ತುಣುಕಾಗಿ ಮಾಡಿದ್ರೂ ಲೆಕ್ಕಕ್ಕೆ ಬರುತ್ತೆ.

ಮಂಡಿನೋವು ಮೇಡಂ:
ಫೋನಲ್ಲಿ ಮಾತಾಡೋದು ಜನರ ಜೊತೆ ಬೆರೆಯೋದು ಅಲ್ಲಮ್ಮ.

ಮನೆಯಲ್ಲೇ ಇರೋಳು:
ಅಕ್ಕಾ, ಎರಡು ದಿನ ನಮ್ಮನೇಲಿ ಅತ್ತೆ ಹತ್ರ ಕೂತ್ಕೊಳಿ, ನಾನು ನಿಮ್ಮ ಗುಂಪಿಗೆ ಹೋಗಿ ಬೆರೆತು ಬರ್ತೀನಿ.

ನಿದ್ದೆಗೇಡಿ:
ನನ್ನ ಪ್ರಶ್ನೆ ಎರಡು ಗಂಟೆಗೆ ಎಚ್ಚರ ಆಗೋದರದ್ದು ಕೂಡ...

ಹಳೇ ಶಟಲ್:
ಸಂಜೆ ಆಡಿ ತಮ್ಮಾ, ನಿದ್ದೆ ಬರುತ್ತೆ. ಮಲಗೋ ಹೊತ್ತಿಗೆ ತೀರಾ ಹತ್ತಿರ ಬೇಡ. ಶಟಲ್ ಮಾತ್ರ ಗರೀದೇ ತಗೋ.

ಒಂಟಿ ಓಟ:
ಹೊಸಬರಿಗೆ ಗರಿ ಶಟಲ್ಲಾ? ಎರಡು ಸ್ಮ್ಯಾಶ್‌ಗೆ ಕಿತ್ತು ಬರುತ್ತೆ. ಅದಕ್ಕೇ ಒಡೆದಿದ್ದು ನಿಮ್ಮ ಗ್ಯಾಂಗು.