ಪದಚರ್ಚೆ: ಸಯಾಟಿಕಾ, ಕೈರೊಪ್ರಾಕ್ಟಿಕ್, ‘ಅಡ್ಜಸ್ಟ್‌ಮೆಂಟ್’ – ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ತುಂಬಾ ದಿನ ಆದ್ಮೇಲೆ ಬರೀತಿದೀನಿ, ಮೂರ್ನಾಕು ಪದಕ್ಕೆ ಸಿಕ್ಕಾಕೊಂಡು ಒದ್ದಾಡ್ತಿದೀನಿ, ಬಲ್ಲೋರು ಸ್ವಲ್ಪ ಬಿಡಿಸಿ.

ನಾನಿರೋದು ಅಮೆರಿಕದ ಮೋಲೀನ್‌ನಲ್ಲಿ, ಮಿಸಿಸಿಪ್ಪಿ ಹೊಳೆಯ ಈ ದಂಡೆ. ಆ ದಂಡೆಗೆ ಅಯೊವಾ ರಾಜ್ಯದ ಡೇವನ್‌ಪೋರ್ಟ್. ಅವ್ವ ರಾಣೆಬೆನ್ನೂರಿಂದ ಆರು ತಿಂಗಳಿಗೆ ಅಂತ ಬಂದಿದಾಳೆ, ವಿಮಾನದಲ್ಲಿ ಅಷ್ಟು ಹೊತ್ತು ಮುದುಡಿ ಕೂತಿದ್ದಕ್ಕೋ ಏನೋ ಬಂದ ವಾರಕ್ಕೇ ನಡದಿಂದ ಎಡಗಾಲಿಗೆ ನೋವು ಇಳೀತು. ಡಾಕ್ಟರು ನೋಡಿ ಸಯಾಟಿಕಾ ಅಂದ್ರು, ಬಹಳಷ್ಟು ಜನಕ್ಕೆ ಕೆಲವು ವಾರದಲ್ಲಿ ತಾನೇ ಇಳಿಯುತ್ತೆ, ಮಲ್ಕೊಂಡೇ ಇರಬೇಡಿ ನಡೀರಿ, ಬೇಕಿದ್ರೆ ಕೈರೊಪ್ರಾಕ್ಟರ್ (ಬೆನ್ನು, ಕೀಲುಗಳನ್ನ ಕೈಯಲ್ಲಿ ಒತ್ತಿ ಚಿಕಿತ್ಸೆ ಮಾಡೋರು) ಹತ್ರ ಹೋಗಬಹುದು ಅಂದ್ರು. ಹೋದ್ವಿ. ನಾನು ದುಭಾಷಿ. ಅಲ್ಲಿಂದ ಶುರು ನೋಡಿ ಪಜೀತಿ.

ಆತ ಕೇಳಿದ ಮೊದಲ ಪ್ರಶ್ನೆ ನೋವು ಎಂಥದ್ದು ಅಂತ. ಇದಕ್ಕೆ ಮಾತ್ರ ಅವ್ವಂಗೆ ಡಿಕ್ಷನರಿ ಬೇಕಾಗಿರ್ಲಿಲ್ಲ: “ಕುಂಡಿಯಿಂದ ಹಿಮ್ಮಡದ ತನಕಾ ಚಳಕ್ ಹೊಡೀತೈತಿ, ಮೀನಖಂಡ ಸೆಳೀತೈತಿ, ಕಾಲಬೆರಳು ಜುಮುಜುಮು ಅಂತಾವು.” ಒಂದೇ ಉಸಿರಲ್ಲಿ ಚಳಕು, ಸೆಳೆತ, ಜುಮುಜುಮು, ಮೂರೂ ಬೇರೆ ಬೇರೆ. ಸಿಕ್ಕಾಕೊಂಡಿದ್ದು ನಾನು, ಯಾಕಂದ್ರೆ ಆತನಿಗೆ ಬೇಕಾಗಿದ್ದು ಬೆರಳಲ್ಲಿ ಇರುವೆ ಹರಿದಾಡಿದ ಹಾಗಾಗುತ್ತಾ ಇಲ್ಲಾ ಮುಟ್ಟಿದ್ದೇ ಗೊತ್ತಾಗಲ್ವಾ ಅನ್ನೋದು. ನನ್ನ ಹೆಂಡ್ತಿ ಮೈಸೂರಿನೋಳು, ಅವಳು “ಜೋಮು ಹಿಡ್ದಿದೆ” ಅಂದ್ಬಿಟ್ಳು. ಜೋಮು ಅಂದ್ರೆ ಎರಡೂ ಆಗುತ್ತಲ್ವಾ? ಡಾಕ್ಟರಿಗೆ ಈ ಎರಡರಲ್ಲಿ ತುಂಬಾ ವ್ಯತ್ಯಾಸ ಇದೆ, ಸ್ಪರ್ಶವೇ ಹೋಗಿದ್ರೆ ನರ ಜಾಸ್ತಿ ನಲುಗಿದೆ ಅಂತ ಲೆಕ್ಕ. ಮೊದಲನೇದಕ್ಕೆ ‘ಜುಮುಜುಮು’, ಎರಡನೇದಕ್ಕೆ ‘ಮರಗಟ್ಟು’ ಅಂತ ಇಟ್ಕೊಳ್ಳೋಣ ಅಂತಿದೀನಿ, ‘ಜೋಮು’ ಬಿಟ್ಬಿಡೋದು. ಮೈಸೂರು ಕಡೆಯೋರು ಜಗಳಕ್ಕೆ ಬರಬೇಡಿ, ಮನೇಲಿ ಆಗ್ಲೇ ಆಗಿದೆ.

ಆಮೇಲೆ ‘ನರ’. ನರ ಒತ್ತಿದೆ ಅಂತ ನಾನಂದ್ರೆ ಅವ್ವ ಕಾಲ ಮೇಲೆ ಹಸಿರಾಗಿ ಉಬ್ಬಿದ್ದನ್ನ ತೋರ್ಸಿ “ಇದನ?” ಅಂತಾಳೆ. ಅವಳ ತಪ್ಪಲ್ಲ, ಡ್ರಿಪ್ ಹಾಕೋ ನರ್ಸು “ನರ ಸಿಗ್ತಿಲ್ಲ” ಅನ್ನೋದೂ ಇದೇ ನರವೇ. ಪಠ್ಯಪುಸ್ತಕದಲ್ಲಿ ನರ ಬೇರೆ ರಕ್ತನಾಳ ಬೇರೆ, ಬಾಯಲ್ಲಿ ಎರಡೂ ಒಂದೇ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಸ್ನಾಯುರಜ್ಜು (ಸ್ನಾಯುವನ್ನ ಎಲುಬಿಗೆ ಕಟ್ಟೋ ಹುರಿ) ಅಂತಲೇ ಇದ್ದದ್ದು, ಹಾಗಾಗಿ ನಾವೊಬ್ಬರೇ ಏನೂ ಅಲ್ಲ.

ಸಯಾಟಿಕಾಗೆ ಬರೋಣ. ಮೂಲ ಗ್ರೀಕಿನ ‘ಇಸ್ಕಿಯಾನ್’, ಅಂದ್ರೆ ಚಪ್ಪೆಯ ಕೀಲು, ತೊಡೆ ಸೊಂಟಕ್ಕೆ ಸೇರೋ ಜಾಗ. ಅಂದ್ರೆ ಆ ಹೆಸರು ಹೇಳೋದು ಜಾಗ ಮಾತ್ರ. ನಮ್ಮಲ್ಲಿ ಆಯುರ್ವೇದದ ‘ಗೃಧ್ರಸಿ’ ಇದೆ, ಗೃಧ್ರ ಅಂದ್ರೆ ರಣಹದ್ದು, ರೋಗಿ ಕಾಲು ಎಳೆದು ನಡೆಯೋ ರೀತಿಗೆ ಆ ಹೆಸರು ಅಂತ ವಿವರಣೆ ಕೊಡ್ತಾರೆ. ಚರಕ ಸಂಹಿತೆಯಲ್ಲಿ ನೋವು ಕುಂಡೆಯಿಂದ ಶುರುವಾಗಿ ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದ ಅಂತ ಇಳಿಯೋದನ್ನ ಸಾಲಾಗಿ ಹೇಳುತ್ತೆ, ಸುಶ್ರುತದಲ್ಲಿ ಕಾಲು ಎತ್ತೋಕೇ ಬಿಡಲ್ಲ ಅಂತಿದೆ. ಕುಶಾಲು ಏನಂದ್ರೆ ಇವತ್ತಿಗೂ ಡಾಕ್ಟರು ಮಾಡೋ ಪರೀಕ್ಷೆ ಅದೇ, ಅಂಗಾತ ಮಲಗಿಸಿ ಮಂಡಿ ಬಗ್ಗಿಸದೆ ಕಾಲೆತ್ತಿ ಎಲ್ಲಿ ಚಳಕು ಹೊಡೆಯುತ್ತೆ ನೋಡೋದು. ಆದ್ರೂ ಗೃಧ್ರಸಿ ಅಂತ ಬರೆದ್ರೆ ನಮ್ಮವ್ವ ಓದೋದಿರ್ಲಿ, ನನಗೇ ಟೈಪ್ ಮಾಡೋಕೆ ಬರಲ್ಲ. ‘ಸಯಾಟಿಕಾ’ ಅಂತಲೇ ಬರೆದು ಪಕ್ಕದಲ್ಲಿ ‘ನಡದಿಂದ ಕಾಲಿಗೆ ಇಳಿಯೋ ಚಳಕು’ ಅಂತ ಹಾಕೋದು ನನ್ನ ಅಂದಾಜು.

ಕೈರೊಪ್ರಾಕ್ಟಿಕ್ ಅನ್ನೋ ಹೆಸರು ಹುಟ್ಟಿದ್ದು ನಮ್ಮ ಮನೆಯಿಂದ ಹೊಳೆ ದಾಟಿದ್ರೆ ಸಿಗೋ ಇದೇ ಡೇವನ್‌ಪೋರ್ಟಲ್ಲಿ. 1895ರ ಸೆಪ್ಟೆಂಬರಲ್ಲಿ ಡಿ.ಡಿ. ಪಾಮರ್ ಅನ್ನೋ ಆಸಾಮಿ, ಅದಕ್ಕೆ ಮುಂಚೆ ಕಾಂತಚಿಕಿತ್ಸೆ ಮಾಡ್ತಿದ್ದೋನು, ಹಾರ್ವೆ ಲಿಲ್ಲಾರ್ಡ್ ಅನ್ನೋ ಕಟ್ಟಡದ ಜಾಡಮಾಲಿಯ ಬೆನ್ನು ಒತ್ತಿದ, ಅವನಿಗೆ ಕಿವಿ ಕೇಳಿಸ್ತು ಅಂತ ಹೇಳ್ಕೊಂಡ. ಅಂದ್ರೆ ಶುರುವಾಗಿದ್ದು ನಡುನೋವಿಗಲ್ಲ, ಕಿವುಡಿಗೆ! ಹೆಸರು ಇಟ್ಟಿದ್ದು ಸ್ಯಾಮ್ಯುಯೆಲ್ ವೀಡ್ ಅನ್ನೋ ಪಾದ್ರಿ, ಗ್ರೀಕಿನಲ್ಲಿ ‘ಕೈರ್’ ಅಂದ್ರೆ ಕೈ. ನಮ್ಮ ‘ಕೈ’ಗೂ ಅದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ, ಆದ್ರೆ ನೆನಪಿಟ್ಕೊಳ್ಳೋಕೆ ಚೆನ್ನಾಗಿದೆ. ನೆಟ್ಟಲ್ಲಿ ಕೆಲವರು ‘ಚಿರೋಪ್ರಾಕ್ಟಿಕ್’ ಅಂತ ಬರೀತಾರೆ, ದಯವಿಟ್ಟು ಬೇಡ, ‘ಚಿರ’ ನೋಡಿ ಶಾಶ್ವತ ಪರಿಹಾರ ಅಂತ ಯಾರಾದ್ರೂ ನಂಬಿಯಾರು. ‘ಕೈಚಿಕಿತ್ಸೆ’ ಅನ್ನಬಹುದಾ? ನನ್ನ ದೋಸ್ತ ಒಬ್ಬ ‘ಕೈಮದ್ದು’ ಅಂದ, ನಮ್ಮೂರಲ್ಲಿ ಮದ್ದು ಹಾಕೋದು ಅಂದ್ರೆ ಏನು ಅಂತ ಅವನಿಗೆ ಗೊತ್ತಿಲ್ಲ ಪಾಪ.

ಈಗ ನಿಜವಾದ ತಲೆನೋವು, ‘ಅಡ್ಜಸ್ಟ್‌ಮೆಂಟ್’. ಆತ ಅವ್ವನ್ನ ಮಗ್ಗಲಿಗೆ ಮಲಗಿಸಿ ಹೆಗಲು ಆ ಕಡೆ, ಚಪ್ಪೆ ಈ ಕಡೆ ತಿರುಗಿಸಿ ಸಟಕ್ಕನೆ ಒಂದು ಒತ್ತು ಕೊಟ್ಟ, ಲಟಕ್ ಅಂತು. ನಾನು ಯೋಚ್ನೆ ಮಾಡದೆ “ಎಲುಬು ಜರುಗಿತ್ತು ಅವ್ವಾ, ಕೂರಿಸಿದ್ರು” ಅಂದ್ಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಆಮೇಲೆ ವಾರಗಟ್ಟಲೆ ಅವ್ವ ಬಗ್ಗೋದಿಲ್ಲ, ಮೆಟ್ಟಿಲು ಹತ್ತೋದಿಲ್ಲ, “ಮತ್ತ ಜರುಗೀತು” ಅಂತ ಹೆದರಿ ಕೂತಲ್ಲೇ ಕೂತ್ಲು, ನಡೀರಿ ಅಂತ ಡಾಕ್ಟರು ಹೇಳಿದ್ದು ಗಾಳಿಗೆ ಹೋಯ್ತು. ನಿಜ ಹೇಳಬೇಕಂದ್ರೆ ಎಲ್ಲೂ ಏನೂ ಜರುಗಿರ್ಲಿಲ್ಲ. ಸಾಮಾನ್ಯವಾಗಿ ಆಗೋದು ಬೆನ್ನೆಲುಬಿನ ಬಿಲ್ಲೆಗಳ ಮಧ್ಯೆ ಇರೋ ಡಿಸ್ಕ್ ಉಬ್ಬಿ ನರದ ಬೇರನ್ನ ಒತ್ತಿ ಕೆರಳಿಸೋದು, ಅದನ್ನ ಕೈಯಲ್ಲಿ ಒತ್ತಿ ಒಳಗೆ ಕೂರ್ಸೋಕೆ ಆಗಲ್ಲ. ಆ ಲಟಕ್ ಶಬ್ದ ಕೀಲಿನ ದ್ರವದೊಳಗಿನ ಗಾಳಿಯ ಆಟ, ಎಲುಬು ಜಾಗಕ್ಕೆ ಕೂತ ಶಬ್ದ ಅಲ್ಲ. ಪಾಮರ್ ಮಾತ್ರ ಎಲುಬು ಜರುಗುತ್ತೆ ಅಂತಲೇ ನಂಬಿದ್ದ, ‘ಸಬ್‌ಲಕ್ಸೇಷನ್’ ಅನ್ನೋ ಪದ ಈ ಪಂಥದಲ್ಲಿ ಅದರಿಂದಲೇ ಉಳ್ಕೊಂಡಿದೆ. ಹಾಗಾಗಿ ‘ಕೂರಿಸು’, ‘ಸರಿಪಡಿಸು’ ಅಂತ ನಾವು ಕನ್ನಡ ಮಾಡಿದ್ರೆ ಪದದ ಜೊತೆ ಅವನ ವಾದವನ್ನೂ ಒಪ್ಕೊಂಡ ಹಾಗೆ ಆಗುತ್ತೆ ಅನ್ನೋದು ನನ್ನ ತಕರಾರು.

ನಮ್ಮಲ್ಲೇನು ಪದ ಕಮ್ಮಿಯಾ? ‘ಉಳುಕು ತೆಗೆಯೋದು’ ಇದೆ, ಕಾಲು ಮುಂದಾಗಿ ಹುಟ್ಟಿದೋರ ಕೈಲಿ, ಅಲ್ಲ ಕಾಲಲ್ಲಿ, ಸೊಂಟಕ್ಕೆ ಒದೆಸ್ಕೊಳ್ಳೋ ಪದ್ಧತಿ ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ. ಮೂಳೆ ಮುರಿದ್ರೆ ಪುತ್ತೂರು ಕಟ್ಟು. ಕಟಿಂಗ್ ಶಾಪಲ್ಲಿ ಕೊನೆಗೆ ಕುತ್ತಿಗೆ ತಿರುವಿ ಲಟಕ್ ಅನ್ಸೋದು, ಅದು ಮಾತ್ರ ಬೇಡಪ್ಪ, ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಆದ್ರೆ ‘ಉಳುಕು’ ಅಂದ್ರೂ ಏನೋ ತಪ್ಪಿ ಹೊರಳಿದೆ ಅನ್ನೋ ಅರ್ಥ ಬರುತ್ತೆ. ನನಗೆ ಹಿಡಿಸಿದ್ದು ಅವ್ವನೇ ಅಂದಿದ್ದು: “ನಡಕ್ಕ ನೆಟಿಗಿ ಮುರದಂಗಾತು.” ದೃಷ್ಟಿ ತೆಗೆದು ಮುರಿಯೋ ಅದೇ ನೆಟಿಗೆ, ಕೆಲವು ಕಡೆ ಲಟಿಕೆ. ಬೆರಳಿನ ನೆಟಿಗೆ ಮುರಿದ್ರೆ ಬೆರಳು ಜರುಗಿತ್ತು ಅಂತ ಯಾರೂ ಅಂದ್ಕೊಳ್ಳಲ್ಲ, ಹಗುರ ಆಯ್ತು ಅಂತಾರೆ ಅಷ್ಟೇ. ಅವ್ವಂಗೂ ಆವತ್ತು ಹಗುರ ಆಗಿದ್ದು ನಿಜ, ಮಾರನೇ ದಿನ ಮತ್ತೆ ಚಳಕು ಬಂದಿದ್ದೂ ನಿಜ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರಿಗೆ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಬರೀ ಕೈಚಿಕಿತ್ಸೆ ಬೇಡ, ವ್ಯಾಯಾಮದ ಜೊತೆ ಸೇರಿಸಿ ಮಾಡಬಹುದು ಅಂತಲೇ ಹೇಳೋದು.

‘ಮೇಂಟೆನೆನ್ಸ್ ಕೇರ್’ ಅಂತ ಇನ್ನೊಂದಿದೆ, ನೋವಿಲ್ಲದಿದ್ರೂ ಮತ್ತೆ ಬರದಿರಲಿ ಅಂತ ತಿಂಗಳಿಗೊಮ್ಮೆ ಹೋಗಿ ಒತ್ತಿಸ್ಕೊಳ್ಳೋದು. ‘ನಿರ್ವಹಣಾ ಆರೈಕೆ’ ಅಂತ ಮೆಷಿನ್ನು ಕೊಡ್ತು, ಸತ್ತಂಗಿದೆ. ಅವ್ವ “ಗಾಡಿ ಸರ್ವಿಸಿಂಗ್ ಇದ್ದಂಗೇನು?” ಅಂದ್ಲು. ಹೆಚ್ಚುಕಮ್ಮಿ ಅದೇ, ಇದಕ್ಕೆ ಇಲ್ಲಿನ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದೋರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ಕೊಡಲ್ಲ. ಮತ್ತೆ ಬರದಿರೋಕೆ ನಡಿಗೆ, ವ್ಯಾಯಾಮ, ಭಾರ ಎತ್ತುವಾಗ ನಡು ಬಗ್ಗಿಸದೆ ಕುಕ್ಕರುಗಾಲಲ್ಲಿ ಕೂತು ಎತ್ತೋದು, ಇಷ್ಟಕ್ಕೆ ನಮ್ಮ ಪದಗಳೇ ಧಾರಾಳ.

ಇದನ್ನೆಲ್ಲ ಕೇಳ್ತಿರೋದು ಯಾಕಂದ್ರೆ ಇಲ್ಲಿ ನಾಕೈದು ಕನ್ನಡದ ಮನೆಗಳಿವೆ, ಎಲ್ಲರ ಅಪ್ಪ ಅಮ್ಮಂದಿರೂ ಬಂದು ಹೋಗ್ತಿರ್ತಾರೆ, ಅವರ ಕೈಗೆ ಕೊಡೋಕೆ ಒಂದು ಪುಟದ ಹಾಳೆ ಮಾಡ್ತಿದೀನಿ. ಅದರಲ್ಲಿ ಒಂದು ಸಾಲು ಮಾತ್ರ ತಪ್ಪೋಹಾಗಿಲ್ಲ: ಮೂತ್ರ ಕಟ್ಟಿದ್ರೆ ಅಥವಾ ಹಿಡಿತ ತಪ್ಪಿದ್ರೆ, ಎರಡೂ ಕಾಲು ಸೋತ್ರೆ, ಕೂರೋ ಜಾಗ ಮರಗಟ್ಟಿದ್ರೆ ಕೈರೊಪ್ರಾಕ್ಟರೂ ಬೇಡ ಯಾರೂ ಬೇಡ, ಸೀದಾ ಎಮರ್ಜೆನ್ಸಿಗೆ. ಇಂಗ್ಲಿಷಲ್ಲಿ ಆ ಜಾಗಕ್ಕೆ ಕುದುರೆ ಜೀನಿನ ಹೆಸರಿದೆ, ಜೀನು ಅಂದ್ರೆ ನಮ್ಮೋರಿಗೆ ಪ್ಯಾಂಟಿನ ಬಟ್ಟೆ ನೆನಪಾಗುತ್ತೆ. ‘ಸೈಕಲ್ ಸೀಟಿಗೆ ತಾಗೋ ಜಾಗ’ ಅಂತ ಬರೆದಿದೀನಿ. ಹೆಂಗಸರಿಗೂ ಮುಜುಗರ ಇಲ್ಲದೆ ಓದೋ ಹಾಗೆ ಇದಕ್ಕಿಂತ ಒಳ್ಳೇದು ಯಾರಿಗಾದ್ರೂ ಹೊಳೆದ್ರೆ ಹೇಳಿ. ಕರಾವಳಿಯೋರು, ಕೊಡಗಿನೋರು ಈ ಇಳಿಯೋ ಚಳಕಿಗೆ ಏನಂತೀರಿ ಅಂತಾನೂ ಬರೀರಿ, ‘ನೆಟಿಗೆ’ ನಿಮ್ಮ ಕಡೆ ಅರ್ಥ ಆಗುತ್ತಾ ಅಥವಾ ‘ಲಟಿಕೆ’ ಅಂತಲೇ ಹಾಕ್ಲಾ?