ಬೀದರದಾಗ ಕೂತು ಮಾಡಿದ ಸಣ್ಣ ಗೇಮ್ ಕನ್ಸೋಲ್ ಮ್ಯಾಲ ಮಾರೂದು ಹ್ಯಾಂಗ್ರಿ?

ಸುರಂಗಬಾವಿ (ಬೀದರ) ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರೀ. ನಾನು ಬೀದರದವ, ನೌಬಾದ ಕಡಿ ಮನಿ. ಹಗಲಿಗೆ ಡಾಟಾ ಎಂಟ್ರಿ ಕೆಲಸ, ರಾತ್ರಿ ಗೇಮ್ ಮಾಡ್ಲಕತ್ತೀನಿ. ನಮ್ಮ ನೌಬಾದದ ಕರೇಜ್ ನೋಡಿದವ್ರಿಗೆ ಗೊತ್ತಿರ್ತದ: ಬಹಮನಿ ಕಾಲದ್ದು, ನೆಲದ ಅಡಿ ಜಂಬಿಟ್ಟಿಗಿ ಕಲ್ಲು ಕೊರದು ಮಾಡಿದ ಕಾಲುವಿ, ನಡುನಡುವ ಗಾಳಿ-ಬೆಳಕಿಗಂತ ಬಾವಿ. ಅದೇ ನನ್ನ ಗೇಮ್. ಕೆಳಗ ಇಳಿಬೇಕು, ಇಳಿಜಾರು ಲೆಕ್ಕ ಹಾಕಬೇಕು, ನೀರು ಊರ ತನಕ ತರಬೇಕು. ಬಣ್ಣ ಎಲ್ಲಾ ಬಿದ್ರಿ ಸಾಮಾನಿಂದು, ಕರಿ ಮ್ಯಾಲ ಬೆಳ್ಳಿ ಗೆರಿ. ಗೊಡೋ ಅನ್ನೂ ಗೇಮ್ ಕಟ್ಟೂ ಸಾಫ್ಟ್‌ವೇರ್‌ದಾಗ ಮಾಡೀನಿ. ಮುಕ್ಕಾಲು ಪಾಲು ಮುಗದದ.

ಸ್ಟೀಮ್ ಅಂತ ಪಿಸಿ ಗೇಮ್ ಮಾರೂ ಆನ್‌ಲೈನ್ ಅಂಗಡಿ ಅದಲ್ಲ, ಅದರಾಗ ಭಾಳ ಗದ್ದಲ, ದಿನಾ ಹೊಸ ಗೇಮ್ ಬಂದು ಮುಳಗ್ತಾವ, ಕನ್ಸೋಲ್‌ದಾಗ (ಗೇಮ್ ಆಡಲಿಕ್ಕಂತನೇ ಮಾಡಿದ ಯಂತ್ರ) ಆದ್ರ ಕಮ್ಮಿ ಗೇಮ್, ರೊಕ್ಕ ಕೊಟ್ಟು ಕೊಳ್ಳೂ ಮಂದಿ ಅಂತ ಗೆಳ್ಯಾರು ಹೇಳ್ತಾರ. ಹಂಗಾಗಿ ಸೀದಾ ನಿಂಟೆಂಡೊ ಸ್ವಿಚ್‌ಗೇ ಬಿಡಬೇಕಂತ ಅದ. ಒಳಗ ಹೋಗೂದು ಹ್ಯಾಂಗ? ಸ್ಟೋರ್‌ನವರೇ ತೋರಸ್ತಾರೋ, ನಾವೇ ಜಾಹೀರಾತಿಗೆ ರೊಕ್ಕ ಹಾಕಬೇಕೋ? ಒಬ್ಬ ಪಬ್ಲಿಷರ್ ಮೇಲ್ ಮಾಡ್ಯಾನ, ಎಲ್ಲಾ ನಾವೇ ನೋಡ್ಕೋತೀವಿ, ಅರ್ಧ ಪಾಲು ಕೊಡು ಅಂತಾನ. ಕೊಡ್ಲೇನು?

ಪೋರ್ಟಿಂಗ್ ಅಕ್ಕ (ಕಲಬುರಗಿ):

ತಮ್ಮಾ, ಕರೇಜ್ ಅಂತ ಕಂಡಕೂಡ್ಲೇ ಪೂರಾ ಓದಿದೆ. ಹೈದರಾಬಾದದಾಗ ಪೋರ್ಟಿಂಗ್ ಕೆಲಸ ಮಾಡ್ತಿದ್ದೆ, ಅಂದ್ರ ಪಿಸಿಗಂತ ಮಾಡಿದ ಗೇಮ್ ಕನ್ಸೋಲ್ ಮ್ಯಾಲ ಓಡೂ ಹಂಗ ಮಾಡೂದು. ಈಗ ಕಲಬುರಗಿಗೆ ಬಂದು ಮನಿಯಾಗಿಂದನೇ ಅದೇ ಕೆಲಸ. ಯಾರ ಗೇಮ್, ಡೆವ್‌ಕಿಟ್ (ಗೇಮ್ ಮಾಡೂವ್ರಿಗಂತ ಕೊಡೂ ಕನ್ಸೋಲ್) ಎಷ್ಟಕ್ಕ ಬಂತು ಅಂತೆಲ್ಲಾ ಕೇಳಬ್ಯಾಡ, ಕಾಗದಕ್ಕ ಸಹಿ ಮಾಡೀನಿ.

ಮೊದಲೇ ಹೇಳ್ತೀನಿ, ಕನ್ಸೋಲ್ ಸ್ಟೋರ್ ನಿನ್ನ ಗೇಮ್ ಮಾರೂದಿಲ್ಲ. ಬ್ಯಾರೆ ಕಡಿ ಹೆಸರು ಕೇಳಿ ಹುಡ್ಕೋತ ಬಂದವನ ಕೈಯಾಗಿಂದ ರೊಕ್ಕ ತಗೊಳ್ತದ, ಅಷ್ಟೇ. ಆ ಹುಡ್ಕೋತ ಬರೂ ಮಂದಿ ಎಲ್ಲಿ ಹುಟ್ತಾರ ಅನ್ನೂದೇ ನಿನ್ನ ಪ್ರಶ್ನಿ ಆಗಬೇಕಿತ್ತು.

ಎಲ್ಲಾರೂ ಹಾಲೋ ನೈಟ್ ಅನ್ನೂ ಸಣ್ಣ ತಂಡದ ಗೇಮ್ ತೋರಸ್ತಾರ. ಸ್ವಿಚ್ ಮ್ಯಾಲ ಎರಡು ವಾರದಾಗ ಎರಡೂವರಿ ಲಕ್ಷ ಪ್ರತಿ ಹೋದ್ವು. ಖರೆ ಅದ. ಆದ್ರ ಸ್ವಿಚ್‌ಗ ಬಂದಿದ್ದು 2018ರ ಜೂನ್ 12ಕ್ಕ, ಪಿಸಿಗೆ ಬಂದಿದ್ದು 2017ರ ಫೆಬ್ರುವರಿಗೆ. ನಡುವ ಒಂದು ವರ್ಷಕ್ಕ ಮ್ಯಾಲ ಮಂದಿ ಆಡ್ಯಾರ, ಬರದಾರ, ವಿಡಿಯೊ ಮಾಡ್ಯಾರ, ಸ್ವಿಚ್‌ಗ ಯಾವಾಗ ಅಂತ ಕೇಳಿ ಕೇಳಿ ಬ್ಯಾಸರ ಮಾಡ್ಯಾರ. ಅದರ ಮ್ಯಾಲ ನಿಂಟೆಂಡೊ ಇ3 ಅನ್ನೂ ಗೇಮ್ ಮೇಳದ ತನ್ನ ಕಾರ್ಯಕ್ರಮದಾಗ ಇವತ್ತೇ ಸಿಗ್ತದ ಅಂತ ತೋರಿಸ್ತು. ಬಾಗಿಲ ಮುಂದ ಮಂದಿ ಮೊದಲೇ ನಿಂತಿದ್ರು.

ನಮ್ಮ ದೇಶದ್ದೇ ಬೇಕಂದ್ರ ಪುಣೆದ ನಾಡಿಂಗ್ ಹೆಡ್ಸ್ ಗೇಮ್ಸ್‌ದವರ ‘ರಾಜಿ’ ನೋಡು. ಮಂದಿ ಕಡಿಂದ ರೊಕ್ಕ ಕೂಡಸೂ ಕಿಕ್‌ಸ್ಟಾರ್ಟರ್ ತಾಣದಾಗ ಅವ್ರಿಗೆ ಕೇಳಿದಷ್ಟು ರೊಕ್ಕ ಕೂಡಿ ಬರಲಿಲ್ಲ. ಕಡಿಗೆ 2020ರ ಆಗಸ್ಟ್ 18ಕ್ಕ ನಿಂಟೆಂಡೊದ ಇಂಡಿ ವರ್ಲ್ಡ್ ಕಾರ್ಯಕ್ರಮದಾಗ ತೋರಿಸಿ, ಅದೇ ದಿನ ಸ್ವಿಚ್ ಮ್ಯಾಲ ಬಿಟ್ರು. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಲ್ಲಾ ಅಕ್ಟೋಬರ್‌ದಾಗ. ಹಂಗಾಗಿ ಸ್ವಿಚ್ ಮೊದಲು ಅನ್ನೂದು ಆಗದ ಮಾತಲ್ಲ. ಆದ್ರ ಅವ್ರ ಹಿಂದ ಪಬ್ಲಿಷರ್ ಇದ್ದ, ನಿಂಟೆಂಡೊದ ವೇದಿಕಿ ಇತ್ತು. ಆ ವೇದಿಕಿ ಕೇಳಿದವ್ರಿಗೆಲ್ಲಾ ಸಿಗಲ್ಲ.

ವೇದಿಕಿ ಇಲ್ಲದವ್ರಿಗೆ ಸಿಗೂದು ಹೊಸ ಗೇಮ್‌ಗಳ ಸಾಲು. ಅಲ್ಲಿ ನಿನ್ನ ಚಿತ್ರ ಒಂದೆರಡು ದಿನ ಮ್ಯಾಲ ಇರ್ತದ, ಹಿಂದಿಂದ ಬಂದವು ಕೆಳಗ ನೂಕತಾವ. ಆಮ್ಯಾಲ ಉಳಿಯೂದು ಎರಡೇ ಜಾಗ: ಹೆಚ್ಚು ಮಾರಾಟ ಆದವುಗಳ ಪಟ್ಟಿ, ಇಲ್ಲಾ ರಿಯಾಯಿತಿ ಪುಟ. ಸ್ವಿಚ್‌ನಾಗ ಆ ಪಟ್ಟಿ ವರ್ಷಗಟ್ಟಲೆ ಹಿಂದಿನ 14 ದಿನದಾಗ ಎಷ್ಟು ಪ್ರತಿ ಹೋದ್ವು ಅನ್ನೂ ಲೆಕ್ಕದ ಮ್ಯಾಲ ನಡೀತಿತ್ತು, ಎಷ್ಟು ರೊಕ್ಕ ಬಂತು ಅಂತ ಅಲ್ಲ. ಅದನ್ನ ತಿಳಕೊಂಡವರು ಏನ್ ಮಾಡಿದ್ರಪಾ ಅಂದ್ರ, 15 ಡಾಲರ್ ಗೇಮ್ 2 ಡಾಲರ್‌ಗೆ ಇಳಿಸೂದು, ರಾಶಿಗಟ್ಟಲೆ ಮಾರೂದು, ಪಟ್ಟಿ ಹತ್ತೂದು, ಮ್ಯಾಲ ಕೂತ ಮ್ಯಾಲ ಮತ್ತ ಪೂರಾ ಬೆಲಿ ಹಾಕೂದು. ಆಟದಕಿಂತ ಈ ಆಟನೇ ಛಲೋ ಆಡ್ತಿದ್ರು. 2025ರಾಗ ಸ್ವಿಚ್ 2 ಬಂದ ಹೊತ್ತಿಗೆ ಆ ಲೆಕ್ಕ ಬದಲಿ ಮಾಡಿ ಮಾರಾಟದ ರೊಕ್ಕಕ್ಕ ತಂದ್ರು. ಹಳೇ ಯೂಟ್ಯೂಬ್ ವಿಡಿಯೊ ನೋಡಿ ಯಾರರೆ ಈ ಉಪಾಯ ಹೇಳಿದ್ರ ನಂಬಬ್ಯಾಡ.

ದಿನ ಗೊತ್ತು ಮಾಡೂದು ಇನ್ನೊಂದು. ನಮ್ಮ ಕಡಿ ತೊಗರಿ ರಾಶಿ ಆದಕೂಡ್ಲೇ ಎಲ್ಲಾರೂ ಒಮ್ಮಿಗೇ ಎಪಿಎಂಸಿಗೆ ಹೊಡದು ರೇಟು ಬೀಳಸ್ತಾರಲ್ಲ, ಅಕ್ಟೋಬರ್-ನವೆಂಬರ್‌ದಾಗ ಗೇಮ್ ಬಜಾರಂದೂ ಅದೇ ಹಣೇಬರಹ. ಹಾಲೋ ನೈಟ್‌ದ ಮುಂದಿನ ಗೇಮ್ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್ 4ಕ್ಕ ಅಂತ ಎರಡು ವಾರ ಮೊದಲು ಹೇಳಿದ್ರು ನೋಡು, ಎಷ್ಟೋ ಸಣ್ಣ ಗೇಮ್‌ದವರು ತಮ್ಮ ತಮ್ಮ ದಿನ ಮುಂದ ಹಾಕಿದ್ರು. ನಾಚಿಕಿ ಏನಿಲ್ಲ ಅದರಾಗ. ನೀನೂ ಹಾಕು.

ಹಂಗಾಗಿ ಗದ್ದಲ ಇದ್ರೂ ಮೊದಲು ಸ್ಟೀಮ್ ಪುಟ ತೆರಿ. 100 ಡಾಲರ್ ಕಟ್ಟಬೇಕು, ಗೇಮ್ 1000 ಡಾಲರ್ ದುಡದ್ರ ಅದು ವಾಪಸ್ ಬರ್ತದ. ಗೇಮ್ ಮುಗಿಯೂ ಮೊದಲೇ ಪುಟ ತೆರದು ವಿಶ್‌ಲಿಸ್ಟ್ (ಮುಂದ ಕೊಳ್ಳಬೇಕಂತ ಮಂದಿ ಗುರ್ತು ಹಾಕಿಡೂ ಪಟ್ಟಿ) ಕೂಡಿಸು. ನೆಕ್ಸ್ಟ್ ಫೆಸ್ಟ್ ಅಂತ ವರ್ಷಕ್ಕ ಮೂರು ಸಲ ಡೆಮೊ ಜಾತ್ರಿ ನಡೀತದ, ಅದಕ್ಕ ಒಂದು ಗೇಮ್ ಒಂದೇ ಸಲ ಹೋಗಬಹುದು, ಅವಸರ ಮಾಡಿ ಅರ್ಧಮರ್ಧ ಡೆಮೊ ಒಯ್ದು ಕಳಕೋಬ್ಯಾಡ. ಮುಂದ 20 ಪರ್ಸೆಂಟ್ ಇಲ್ಲಾ ಅದಕಿಂತ ಹೆಚ್ಚು ರಿಯಾಯಿತಿ ಕೊಟ್ಟಾಗ ವಿಶ್‌ಲಿಸ್ಟ್ ಮಾಡಿದವ್ರಿಗೆ ಸ್ಟೀಮ್ ತಾನೇ ಮೇಲ್ ಕಳಸ್ತದ. ಪಬ್ಲಿಷರ್ ಮುಂದಾಗಲಿ, ಕನ್ಸೋಲ್‌ದವರ ಮುಂದಾಗಲಿ ಹೋಗಿ ಕೂತಾಗ ಅವ್ರು ಕೇಳೂ ಮೊದಲ ಮಾತೇ ವಿಶ್‌ಲಿಸ್ಟ್ ಎಷ್ಟು ಅಂತ.

ಇನ್ನ ಒಳಗ ಹೋಗೂದು. ನಿಂಟೆಂಡೊಗೆ ಡೆವಲಪರ್ ಪೋರ್ಟಲ್ ಅದ, ಸೋನಿಗೆ ಪಾರ್ಟ್ನರ್ಸ್ ಅಂತ ಅದ, ಎಕ್ಸ್‌ಬಾಕ್ಸ್‌ಗ 2013ರಿಂದ ಐಡಿ@ಎಕ್ಸ್‌ಬಾಕ್ಸ್ ಅದ. ಅರ್ಜಿ ಹಾಕಲಿಕ್ಕೆ ರೊಕ್ಕ ಇಲ್ಲ. ನಿನ್ನ ತೊಡಕು ಇರೂದು ಗೊಡೋದಾಗ. ಅದು ಎಲ್ಲಾರಿಗೂ ಬಿಚ್ಚಿಟ್ಟ ಕೋಡ್, ಕನ್ಸೋಲ್‌ದ ಎಸ್‌ಡಿಕೆ (ಅದಕ್ಕ ಗೇಮ್ ಕಟ್ಟೂ ಸಲಕರಣಿ) ಗುಟ್ಟಿನ ಕರಾರಿನಾಗ ಇರೂದು. ಎರಡೂ ಒಂದೇ ಕಡಿ ಇಡಲಿಕ್ಕೆ ಬರಲ್ಲ. ಅದಕ್ಕ ಗೊಡೋದಾಗ ಸ್ವಿಚ್‌ಗ ಎಕ್ಸ್‌ಪೋರ್ಟ್ ಅನ್ನೂ ಬಟನ್ ಇಲ್ಲ. ಗೊಡೋ ಕಟ್ಟಿದ ಮಂದಿನೇ ಸೇರಿ ತೆಗದ ಡಬ್ಲ್ಯು4 ಗೇಮ್ಸ್ ಅಂತ ಕಂಪನಿ ಅದ, ಅವ್ರ ಹತ್ರ ಕನ್ಸೋಲ್ ಪೋರ್ಟ್ ಬಾಡಿಗಿಗೆ ತಗೋಬೇಕು, ಇಲ್ಲಾ ಪೋರ್ಟಿಂಗ್ ಮಾಡೂ ಬ್ಯಾರೆಯವ್ರಿಗೆ ಒಪ್ಪಸಬೇಕು. ಆ ಖರ್ಚು ಈಗೇ ಬರದಿಟ್ಕೋ.

ಗೇಮ್ ಓಡ್ತು ಅಂದ್ರ ಮುಗೀಲಿಲ್ಲ, ತಪಾಸಣಿ ಅದ. ನಿಂಟೆಂಡೊದಾಗ ಅದಕ್ಕ ಲಾಟ್‌ಚೆಕ್ ಅಂತಾರ. ಗೇಮ್ ಛಲೋ ಅದನೋ ಇಲ್ಲೋ ಅಲ್ಲಿ ಯಾರೂ ನೋಡಲ್ಲ. ಆಡೂ ನಡುವ ಕಂಟ್ರೋಲರ್ ಬಂದಾದ್ರ ಗೇಮ್ ನಿಲ್ತದೇನು, ಸ್ಲೀಪ್‌ನಾಗ ಹಾಕಿ ಎಬ್ಬಿಸಿದ್ರ ಬೀಳ್ತದೇನು, ಬಟನ್ ಚಿತ್ರ ಆಯಾ ಕನ್ಸೋಲ್‌ಗ ಸರಿ ಅವ ಏನು, ಇಂಥಾವೇ. ಪ್ಲೇಸ್ಟೇಷನ್ ಗೇಮ್‌ನಾಗ ‘ವೈ ಒತ್ತಿರಿ’ ಅಂತ ಒಂದು ಸಾಲು ಉಳದ್ರೂ (ಅದರಾಗ ವೈ ಬಟನ್ನೇ ಇಲ್ಲ) ವಾಪಸ್ ಬರ್ತದ, ಮತ್ತ ಸಾಲಿನಾಗ ನಿಲ್ಲಬೇಕು. ಅದಕ್ಕ ತಪಾಸಣಿ ಪಾಸಾಗೂ ತನಕ ಬಿಡುಗಡಿ ದಿನ ಯಾರ ಮುಂದೂ ಬಾಯಿ ಬಿಡಬ್ಯಾಡ. ವಯಸ್ಸಿನ ರೇಟಿಂಗ್‌ಗೆ ಐಎಆರ್‌ಸಿ ಪ್ರಶ್ನಿ ತುಂಬಿದ್ರ ಡಿಜಿಟಲ್ ಮಾರಾಟಕ್ಕ ಪುಗಸೆಟ್ಟಿ ಸಿಗ್ತದ.

ರೊಕ್ಕದ ಮಾತು. ಅಮೆರಿಕದಾಗ 10 ಡಾಲರ್‌ಗೆ ಒಂದು ಪ್ರತಿ ಹೋಯ್ತು ಅಂತ ಇಟ್ಕೋ. 30 ಪರ್ಸೆಂಟ್ ಸ್ಟೋರ್‌ನವ್ರದು, 7 ಉಳೀತು. ಅಲ್ಲಿಯ ಮಾರಾಟದ ಪಾಲಿನ ಮ್ಯಾಲ ಅಮೆರಿಕ ಸರ್ಕಾರ ತೆರಗಿ ಹಿಡೀತದ. ಡಬ್ಲ್ಯು-8 ಅನ್ನೂ ಅಮೆರಿಕದ ತೆರಗಿ ಫಾರ್ಮಿನಾಗ ಪ್ಯಾನ್ ನಂಬರ್ ಹಾಕಿ ಭಾರತ-ಅಮೆರಿಕ ತೆರಗಿ ಒಪ್ಪಂದ ತೋರಿಸಿದ್ರ ರಾಯಲ್ಟಿಗೆ 15 ಪರ್ಸೆಂಟ್, ತೋರಸದಿದ್ರ 30. ತೋರಿಸಿದ್ರ ಕೈಗೆ ಸುಮಾರು 6 ಬರ್ತದ. ಯುರೋಪಿನಾಗ ಆದ್ರ ಹಚ್ಚಿದ ಬೆಲಿಯಾಗೇ ವ್ಯಾಟ್ ಸೇರಿರ್ತದ, ಮೊದಲು ಅದು ಹೋಗ್ತದ. ಈಗ ನಿನ್ನ ಪಬ್ಲಿಷರ್ ಅರ್ಧ ಕೇಳ್ಯಾನ: 3 ಡಾಲರ್. ಅದೂ ಮೊದಲ ದಿನದಿಂದ ಅಲ್ಲ. ಕರಾರಿನಾಗ ರಿಕೂಪ್ ಅಂತ ಒಂದು ಕಲಮು ಇರ್ತದ, ಅವ್ರು ಮಾಡಿದ ಖರ್ಚು ಪೂರಾ ಮುರಕೊಂಡ ಮ್ಯಾಲ ನಿನ್ನ ಪಾಲು ಚಾಲೂ. ಖರ್ಚಿಗೆ ಮಿತಿ ಬರಸದಿದ್ರ ಗೇಮ್ ಮೇಳಕ್ಕ ಹೋದ ವಿಮಾನದ ಟಿಕೆಟ್ಟೂ ನಿನ್ನ ಲೆಕ್ಕಕ್ಕೇ ಬೀಳ್ತದ. ಅಂಥಾ ಕಾಗದ ನಾ ಕಣ್ಣಾರೆ ನೋಡೀನಿ. ಪೋರ್ಟಿಂಗ್ ಖರ್ಚು ಯಾರದು, ಮೊದಲು ಕೈಗೆ ಎಷ್ಟು ಕೊಡ್ತಾನ, ಹಿಂದ ಮಾಡಿದ ಗೇಮ್ ಯಾವವು, ಈ ಮೂರು ಕೇಳು. ಮೂರಕ್ಕೂ ಸೀದಾ ಉತ್ತರ ಬರಲಿಲ್ಲಂದ್ರ ಬಿಡು. ಒಳ್ಳೇ ಪಬ್ಲಿಷರ್ ಸಿಕ್ರ ಅರ್ಧ ಕೊಟ್ರೂ ಲುಕ್ಸಾನಿಲ್ಲ, ಕನ್ಸೋಲ್‌ದವರ ಫೋನ್ ಎತ್ತಸೂ ಶಕ್ತಿ ಅವ್ರಿಗಿರ್ತದ.

ಜಾಹೀರಾತಿಗೆ ಮಾತ್ರ ರೊಕ್ಕ ಹಾಕಬ್ಯಾಡ. 6 ಡಾಲರ್ ಬರೂ ಸಾಮಾನಿಗೆ ಒಬ್ಬ ಗಿರಾಕಿನ್ನ ತರಲಿಕ್ಕೆ ಎಷ್ಟು ಸುರೀತಿ? ಆ ರೊಕ್ಕದಾಗ ಛಲೋ ಮುಖಚಿತ್ರ ಬರಸು. ಟಿವಿ ಮ್ಯಾಲ ಸೋಫಾದಿಂದ ನೋಡೂವಾಗ ಅದು ಬೆಂಕಿಪೆಟಗಿಯಷ್ಟು ಕಾಣ್ತದ, ಅಷ್ಟರಾಗೂ ಹೆಸರು ಓದಲಿಕ್ಕೆ ಬರಬೇಕು. ಕರಿ ಮ್ಯಾಲ ಸಣ್ಣ ಬೆಳ್ಳಿ ಗೆರಿ ಆಟದಾಗ ಚಂದ, ಅಲ್ಲಿ ಏನೂ ಕಾಣಲ್ಲ.

ಗೇಮ್ ಝೋನ್ (ಸೂಪರ್ ಮಾರ್ಕೆಟ್, ಕಲಬುರಗಿ):

ಅಕ್ಕೋರು ಹೇಳಿದ್ದು ಸ್ಟೋರ್ ಕಡಿಂದ. ನಾ ಗಿರಾಕಿ ಕಡಿಂದ ಹೇಳ್ತೀನಿ. ತಾಸಿನ ಲೆಕ್ಕದಾಗ ಪಿಎಸ್5 ಆಡಸ್ತೀನಿ. ಬರೂ ಹುಡುಗ್ರಿಗೆ ಫುಟ್‌ಬಾಲ್, ಜಿಟಿಎ, ಕುಸ್ತಿ, ಇವು ಬಿಟ್ರ ಬ್ಯಾರೆ ಹೆಸರೇ ಗೊತ್ತಿಲ್ಲ. ಒಂದಿನ ಕರೆಂಟ್ ಹೋಗಿ ಬಂದ ಮ್ಯಾಲ ನೆಟ್ ಇರಲಿಲ್ಲ, ಓವರ್‌ಕುಕ್ಡ್ ಹಚ್ಚಿ ಕೊಟ್ಟೆ. ನಾಕು ಮಂದಿ ಅಡಗಿ ಮಾಡ್ಲಕ್ಕ ಹೋಗಿ ಒಬ್ಬರ ಮ್ಯಾಲ ಒಬ್ಬರು ಒದರಾಡಿ, ಈಗ ಬಂದಾಗೊಮ್ಮೆ ಅದನ್ನೇ ಕೇಳ್ತಾರ. ಅದನ್ನ ಮೊದಲು ಮಾಡಿದವರು ಇಬ್ಬರೇ ಅಂತಲ್ಲ. ತಮ್ಮಾ, ನಿನ್ನ ಕರೇಜ್‌ದಾಗ ಇಬ್ಬರು ಆಡೂ ಹಂಗ ಅದೇನು? ಒಬ್ಬವ ಮ್ಯಾಲ, ಒಬ್ಬವ ಬಾವ್ಯಾಗ? ಒಬ್ಬ ಕೊಂಡ್ರ ಪಕ್ಕದಾಗ ಕೂತು ಆಡಿದವನೂ ಮನಿಗೆ ಹೋಗಿ ಕೊಳ್ತಾನ, ಪ್ರಚಾರ ಅದೇ.

ಮತ್ತ ಸ್ವಿಚ್ ಸ್ವಿಚ್ ಅಂತೀರಿ, ನಿಂಟೆಂಡೊ ನಮ್ಮ ದೇಶದಾಗ ಅಧಿಕೃತ ಮಾರಾಟನೇ ಇಟ್ಟಿಲ್ಲ. ಹೊರಗಿಂದ ತಂದು ಮಾರೂದು ಎಲ್ಲಾ. ಪಿಎಸ್5 ಆದ್ರ 2021ರ ಫೆಬ್ರುವರಿಯಿಂದ ಬಿಲ್ ಸಮೇತ ಸಿಗ್ತದ.

ಭೀಮಾತೀರ (ಯಾದಗಿರಿ):

ಇಷ್ಟೆಲ್ಲಾ ಗೋಳು ಯಾಕ್ರೀ? ಮೊಬೈಲ್‌ಗ ಬಿಡ್ರಿ. ಊರಿಗೆಲ್ಲಾ ಫೋನ್ ಅದ, ಕನ್ಸೋಲ್ ಯಾರ ಮನ್ಯಾಗ ಅದ?

ಪೋರ್ಟಿಂಗ್ ಅಕ್ಕ (ಕಲಬುರಗಿ):

@ಭೀಮಾತೀರ, ಫೋನ್ ಅದ ಖರೆ, ಫೋನ್ ಮ್ಯಾಲ ರೊಕ್ಕ ಕೊಟ್ಟು ಒಗಟು ಗೇಮ್ ಕೊಳ್ಳೂವ ಎಲ್ಲಿದ್ದಾನ? ಪುಗಸೆಟ್ಟಿ ಕೊಟ್ಟು ನಡುವ ಜಾಹೀರಾತು ತೋರಸಬೇಕು. ನೀರು ಹರಿಯೂ ಸಪ್ಪಳ ಕೇಳಸ್ಕೋತ ಕೂತಾಗ ಯಾವುದೋ ಜಾಹೀರಾತು ಬಂದು ಒದರಿದ್ರ ಹ್ಯಾಂಗ?

@ಗೇಮ್ ಝೋನ್, ನಿಂಟೆಂಡೊ ಮಾತು ಬರೋಬರಿ ಅದ ಅಣ್ಣಾ. ಆದ್ರ ಇವನ ಗಿರಾಕಿ ಬೀದರದಾಗ ಇಲ್ಲ. ಅಮೆರಿಕ, ಯುರೋಪ್, ಜಪಾನ್‌ದಾಗ ಇದ್ದಾನ. ಪ್ಲೇಸ್ಟೇಷನ್ ಅಂದಿದ್ದಕ್ಕ ನೆನಪಾಯ್ತು ತಮ್ಮಾ, ಸೋನಿದು ಇಂಡಿಯಾ ಹೀರೊ ಪ್ರಾಜೆಕ್ಟ್ ಅಂತ ಅದ, ಇಲ್ಲಿಯ ಸ್ಟುಡಿಯೊಗಳಿಗೆ ರೊಕ್ಕ, ಸಲಹಾ ಎರಡೂ ಕೊಡ್ತಾರ. ಅರ್ಜಿ ತೆಗದಾಗ ಹಾಕು.

ಸುರಂಗಬಾವಿ (ಬೀದರ):

ಅಕ್ಕಾ, ಅಣ್ಣಾ, ಭಾಳ ಉಪಕಾರ ಆಯ್ತು. ಇಬ್ಬರು ಆಡೂದು ತಲ್ಯಾಗೇ ಬಂದಿರಲಿಲ್ಲ, ಇವತ್ತೇ ಬರದು ನೋಡ್ತೀನಿ. ಇನ್ನೆರಡು ಕೇಳ್ತೀನ್ರಿ. ಗೇಮ್‌ದಾಗ ಕನ್ನಡ ಇಡಬೇಕಂತ ಅದ, ಮಾರಾಟಕ್ಕ ಏನೂ ಉಪಯೋಗ ಇಲ್ಲೇನು? ಮತ್ತ ಸ್ಟೀಮ್ ಪುಟ ತೆರೀಲಾರದೇನೇ ನಾಕಾರು ಯೂಟ್ಯೂಬ್‌ದವ್ರು ‘ರಿವ್ಯೂ ಮಾಡ್ತೀವಿ, ಐದು ಕೋಡ್ ಕಳಸ್ರಿ’ ಅಂತ ಮೇಲ್ ಹಾಕ್ಯಾರ. ಗೇಮ್ ಪುಗಸೆಟ್ಟಿ ಇಳಿಸ್ಕೊಳ್ಳೂ ಕೋಡ್ ಅವು. ಕಳಸ್ಲೇನು?

ಪೋರ್ಟಿಂಗ್ ಅಕ್ಕ (ಕಲಬುರಗಿ):

ಕನ್ನಡ ಇಡು. ಮಾರಾಟ ಅದರಿಂದ ಹೆಚ್ಚಾಗಲ್ಲ, ಆದ್ರ ಕರೇಜ್ ಮ್ಯಾಲ ಕನ್ನಡ ಇರೂ ಗೇಮ್ ಅಂದ್ರ ಬರಿಯೂವ್ರಿಗೆ ಒಂದು ಸುದ್ದಿ ಸಿಗ್ತದ. ಗೊಡೋ 4 ಇದ್ರ ಒತ್ತಕ್ಷರ ಸರಿ ಕೂಡ್ತಾವ, 3 ಇದ್ರ ಒಡದು ಚೆಲ್ಲಾಪಿಲ್ಲಿ ಆಗ್ತಾವ, ನೋಡ್ಕೋ. ಮಾರಾಟಕ್ಕಂತ ಅನುವಾದ ಮಾಡಸೂದಿದ್ರ ಜಪಾನಿ ಮೊದಲು.

ಆ ಐದು ಕೋಡ್ ಕೇಳೂವ್ರು ಹೆಚ್ಚಾಗಿ ಮಾರಲಿಕ್ಕೇ ಕೇಳೂದು. ಮೇಲ್ ಬಂದ ವಿಳಾಸಕ್ಕ ಉತ್ತರ ಬರೀಬ್ಯಾಡ. ಅವ್ರ ಚಾನೆಲ್‌ನ ಅಬೌಟ್ ಪುಟದಾಗಿನ ವಿಳಾಸಕ್ಕ ನೀನೇ ಹೊಸದಾಗಿ ಬರದು ಕೇಳು. ಖರೆ ಚಾನೆಲ್‌ದವಗ ಒಂದು ಕೋಡ್ ಸಾಕಾಗ್ತದ. ಸ್ವಿಚ್ ಕೋಡ್ ಕೊಡೂವಾಗ ಅವನ ಅಕೌಂಟ್ ಅಮೆರಿಕದ್ದೋ, ಯುರೋಪಿಂದೋ, ಜಪಾನಿಂದೋ ಕೇಳಿ ಕೊಡು, ಒಂದು ಕಡಿಂದು ಇನ್ನೊಂದು ಕಡಿ ನಡ್ಯಲ್ಲ.

ಟ್ರೇಲರ್ ಮಾಡಿದ್ರ ಇಲ್ಲೇ ಹಾಕು, ನೋಡಿ ಹೇಳ್ತೀನಿ. ಮೊದಲಿಗೆ ನಿನ್ನ ಲೋಗೊ, ಗೊಡೋ ಲೋಗೊ, ‘ಬಹುಕಾಲದ ಹಿಂದೆ’ ಅಂತ ಅಕ್ಷರ ಇದ್ರ ಎಲ್ಲಾ ತೆಗದು ಹಾಕು. ಸೀದಾ ನೀರು ಬಿಡು.